ಗಜರಾಜನಿಗೆ ಹದಿನಾಲ್ಕು ವೋಲ್ಟ್

ಹೊಸ ಗಾಡಿ ಇಟ್ಟವರ ಮನೆಗೆ ಸರ್ವಿಸ್ ಮೆಸೇಜ್ ಬರುತ್ತದೆ. ಹಳೇ ಗಾಡಿ ಇಟ್ಟವರ ಮನೆಗೆ ಪ್ರಸಂಗಗಳು ಬರುತ್ತವೆ. ಅವು ನಡೆದುಕೊಂಡು ಬರೋದಿಲ್ಲ, ಯಾರಾದರೂ ಹಿಂದಿನಿಂದ ತಳ್ಳಿಕೊಂಡು ಬರಬೇಕು.

ನನ್ನ ಗಾಡಿಯ ಹೆಸರು ಗಜರಾಜ. ಮದುವೆಯಾದ ವರ್ಷ ಕೊಂಡ ಮೋಟರ್ ಸೈಕಲ್ಲು. ಅದು ಬೀದಿ ತುದಿಯಲ್ಲಿ ತಿರುಗಿದರೆ ನಮ್ಮ ಗೋವಿಂದರಾಜನಗರದ ಮನೆಗಳ ಪಾತ್ರೆ ಸ್ಟ್ಯಾಂಡಿನಲ್ಲಿ ಲೋಟಗಳು ಕಿಣಿಕಿಣಿ ಅನ್ನುತ್ತಿದ್ದವು. ಇದು ಉತ್ಪ್ರೇಕ್ಷೆ ಅಲ್ಲ. ಬೇಕಾದರೆ ಲೋಟಗಳನ್ನೇ ಕೇಳಿ. ಇನ್ನು ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುತ್ತಿಲ್ಲವಲ್ಲ. ರಾಜಾಜಿನಗರದ ಒಂದು ವರ್ಕ್‌ಶಾಪಿನಲ್ಲಿ ಮೂವತ್ತೆರಡು ವರ್ಷ ಲೇತ್ ಮುಂದೆ ನಿಂತವನು ನಾನು. ನಟ್ಟು ನೆಲಕ್ಕೆ ಬಿದ್ದ ಸದ್ದು ಕೇಳಿ ಅದರ ಸೈಜ್ ಹೇಳುತ್ತಿದ್ದೆ. ಅಂಥವನು ಸ್ವಂತ ಗಾಡಿಗೆ ಇನ್ನೊಬ್ಬನ ಕೈಯಲ್ಲಿ ಸ್ಪ್ಯಾನರ್ ಹಾಕಿಸುವುದುಂಟೇ? ಈ ಸಲದ ಆಯುಧಪೂಜೆಗೂ ಅಷ್ಟೆ, ನಾನೇ ಎರಡು ದಿನ ಕೂತು, ಸೀಟು ಬಿಚ್ಚಿ, ಅದರ ಕೆಳಗಿನ ಪೆಟ್ಟಿಗೆ ಬಿಚ್ಚಿ, ಕಂಡ ಕಂಡ ಕಬ್ಬಿಣಕ್ಕೆಲ್ಲ ಎರಡೆರಡು ಕೋಟು ಕಪ್ಪು ಬಣ್ಣ ಬಳಿದು, ಮತ್ತೆ ಜೋಡಿಸಿ, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹೊರಟರೆ ಸಾಕ್ಷಾತ್ ದಸರಾ ಆನೆ.

ಅದಾದ ಮೇಲೆ ನಡೆದದ್ದು ಇಷ್ಟು.

ವಾಕಿಂಗಾ?

ಒಂದು ಸಂಜೆ ನಾನೂ ನನ್ನವಳೂ ವಿಜಯನಗರ ಮಾರ್ಕೆಟ್ಟಿನಿಂದ ವಾಪಸು ಬರುತ್ತಿದ್ದೆವು. ಗಜರಾಜ ಒಂದು ಸಲ ಕೆಮ್ಮಿ, ಎರಡು ಸಲ ಬಿಕ್ಕಿ, ನಿಂತುಬಿಟ್ಟ. ಹಾರ್ನ್ ಒತ್ತಿದರೆ ಶೀತವಾದ ಕಪ್ಪೆಯ ಹಾಗೆ 'ಕ್ರ್' ಅಂತು. ಬ್ಯಾಟರಿ ಖಾಲಿ. ಹಳೇ ಕಾಲದ ಗಾಡಿ ನೋಡಿ, ಬ್ಯಾಟರಿಯಲ್ಲಿ ಜೀವ ಇಲ್ಲದಿದ್ದರೆ ಕಿಕ್ಕರ್ ಎಷ್ಟು ಒದ್ದರೂ ಒದ್ದವನಿಗೇ ನೋವು.

"ಇಳಿ ಕಣೇ, ಹಿಂದಿನಿಂದ ಒಂಚೂರು ಕೈ ಹಾಕು. ಸೆಕೆಂಡ್ ಗೇರಲ್ಲಿ ಎತ್ಕೊಳ್ಳುತ್ತೆ," ಅಂದೆ.

ಪಾಪ, ಇಳಿದಳು. ಕೈ ಹಾಕಿದಳು. ಎತ್ತಿಕೊಂಡಿತು. ಮುಂದಿನ ಮೂರು ವಾರದಲ್ಲಿ ಇದೇ ರೀತಿ ಇನ್ನೂ ಮೂರು ಸಲ ಆಯಿತು. ಮೂರನೆಯದರ ಹೊತ್ತಿಗೆ ಅವಳಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಗಾಡಿ ಕೆಮ್ಮಿದ ತಕ್ಷಣ ನಾನು ಬಾಯಿ ತೆರೆಯುವ ಮುಂಚೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿರುತ್ತಿದ್ದಳು.

ನಾಲ್ಕನೆಯದು ಮಾತ್ರ ಕೆಟ್ಟ ಗಳಿಗೆ. ಗಣಪತಿ ದೇವಸ್ಥಾನದ ಮುಂದೆ, ಅವಳ ಭಜನಾ ಮಂಡಳಿಯವರೆಲ್ಲ ಹೊರಗೆ ಬರುವ ಸಮಯಕ್ಕೆ ಸರಿಯಾಗಿ, ಗಜರಾಜ ಮೊಣಕಾಲೂರಿದ. ಇವಳು ತಳ್ಳುತ್ತಿದ್ದಾಳೆ, ನಾನು ಮೇಲೆ ಕೂತು ಕ್ಲಚ್ ಹಿಡಿದಿದ್ದೇನೆ. ಮಂಡಳಿಯ ಹಿರಿಯಾಕೆ ಕನ್ನಡಕ ಸರಿಮಾಡಿಕೊಂಡು ಕೇಳಿದರು:

"ಏನ್ರೀ, ವಾಕಿಂಗಾ?"

"ಇಲ್ಲ ಆಂಟಿ," ಏದುಸಿರು ಬಿಡುತ್ತಾ ಅಂದಳು ನನ್ನವಳು, "ನಾನು ವಾಕಿಂಗು, ಇವರು ಡ್ರೈವಿಂಗು."

ಮನೆಗೆ ಬಂದು, ಕಾಲು ತೊಳೆದು, ಕಾಫಿ ಕೊಟ್ಟು ಆಮೇಲೆ ತೀರ್ಪು ಕೊಟ್ಟಳು. ಕಾಫಿ ಕೊಟ್ಟ ಮೇಲೆ ಬರುವ ತೀರ್ಪಿಗೆ ಮೇಲ್ಮನವಿ ಇಲ್ಲ.

"ನೋಡ್ರೀ, ಇನ್ನೊಂದೇ ಒಂದು ಸಲ ಈ ಕೈ ಆ ಗಾಡಿ ಹಿಂದಕ್ಕೆ ತಾಗಬೇಕು. ಅವತ್ತೇ ಗುಜರಿಯವನಿಗೆ."

"ಇನ್ನು ಮೂರು ವಾರಕ್ಕೆ ಕೆಂಗೇರೀಲಿ ನಿನ್ನ ತಂಗಿ ಮನೆ ಗೃಹಪ್ರವೇಶ ಇದೆಯಲ್ಲ? ಗಜರಾಜನ ಮೇಲೇ ಹೋಗಿ ಗಜರಾಜನ ಮೇಲೇ ಬರೋಣ. ಅವತ್ತು ನೀನು ಕೈ ಹಾಕೋ ಹಾಗಾದ್ರೆ ನಾನೇ ಎತ್ತಿ ಗುಜರಿ ಗಾಡಿಗೆ ಇಡ್ತೀನಿ!" ಅಂದೆ. ಕಿಟಕಿ ತೆರೆದಿತ್ತು. ಬೀದಿಗೆಲ್ಲ ಕೇಳಿಸಿತು.

ಆ ಭಾನುವಾರದಿಂದ ಗುಜರಿಯವನು ನಮ್ಮ ಗೇಟಿನ ಮುಂದೆ ತಳ್ಳುಗಾಡಿ ನಿಲ್ಲಿಸತೊಡಗಿದ. ಐಸಿಯು ಹೊರಗೆ ನಿಂತ ದೂರದ ನೆಂಟನ ಹಾಗೆ ಮೆಲ್ಲಗೆ ಕೇಳುತ್ತಿದ್ದ, "ಸಾರ್, ಇನ್ನೂ ಇದೆಯಾ?"

ಬೀದಿಯ ಡಾಕ್ಟರುಗಳು

ನಮ್ಮ ಬೀದಿಯಲ್ಲಿ ಒಂದು ಗಾಡಿ ನಿಂತರೆ ಒಂಬತ್ತು ಡಾಕ್ಟರು ಹುಟ್ಟುತ್ತಾರೆ. ಎದುರುಮನೆಯ ರಿಟೈರ್ಡ್ ಮೇಷ್ಟ್ರು, "ಪೆಟ್ರೋಲಲ್ಲಿ ನೀರು" ಅಂದರು. ಅವರ ಮನೆಯಲ್ಲಿ ಏನು ಕೆಟ್ಟರೂ ಅವರು ನೀರು ಅಂತಲೇ ಹೇಳುತ್ತಾರೆ. ಹೋದ ತಿಂಗಳು ಟೀವಿ ಕೆಟ್ಟಾಗಲೂ ಹಾಗೇ ಅಂದಿದ್ದರು. ಇಸ್ತ್ರಿ ಅಂಗಡಿಯವನು, "ಸಾರ್, ವಯಸ್ಸು" ಅಂದ. ಗಾಡಿಯದೋ ನನ್ನದೋ ಕೇಳುವ ಧೈರ್ಯ ಬರಲಿಲ್ಲ. ಮೇಲ್ಮನೆಯ ಕಂಪ್ಯೂಟರ್ ಹುಡುಗಿ ಮೆಟ್ಟಿಲಿಳಿಯುತ್ತಾ, "ಅಂಕಲ್, ಆಫ್ ಮಾಡಿ ಆನ್ ಮಾಡಿದ್ರಾ?" ಅಂದಳು.

"ಅಮ್ಮಾ, ಆಫ್ ಅದೇ ಆಗುತ್ತೆ. ಆನ್ ಮಾಡೋದೇ ಕಷ್ಟ," ಅಂದೆ.

ಕೊನೆಗೆ ಹೂವಿನ ಅಜ್ಜಿ ನಿರ್ಧಾರವಾಗಿ ಹೇಳಿದಳು. "ದೃಷ್ಟಿ ಕಣಪ್ಪಾ. ಆಯುಧಪೂಜೆಗೆ ಅಷ್ಟು ಫಳಫಳ ಮಾಡಿ ನಿಲ್ಲಿಸಿದ್ರೆ ಯಾರ ಕಣ್ಣಾದ್ರೂ ಬೀಳಲ್ವಾ? ನಿಂಬೆಹಣ್ಣು ಮೆಣಸಿನಕಾಯಿ ಕಟ್ಟು."

ಈಗ ಹಿಂದಿರುಗಿ ನೋಡಿದರೆ, ಅಷ್ಟೂ ಡಾಕ್ಟರುಗಳಲ್ಲಿ ರೋಗದ ಹತ್ತಿರ ಹತ್ತಿರ ಹೋದವಳು ಆ ಅಜ್ಜಿಯೊಬ್ಬಳೇ. ಆದರೆ ಆ ಮಾತು ಆಮೇಲೆ.

ಮಾರನೆಯ ದಿನ ಬೆಳಿಗ್ಗೆ ನನ್ನವಳು ದಾರದಲ್ಲಿ ನಿಂಬೆಹಣ್ಣು, ಏಳು ಮೆಣಸಿನಕಾಯಿ ಪೋಣಿಸುತ್ತಾ ಕೂತಿದ್ದಳು. ನನಗೆ ಹೃದಯ ತುಂಬಿ ಬಂತು. "ನೋಡ್ದಾ, ನಿಂಗೂ ಗಜರಾಜನ ಮೇಲೆ ಪ್ರೀತಿ ಇದೆ," ಅಂದೆ.

"ಗಾಡಿಗಲ್ಲ," ಅಂದಳು. "ನನಗೆ. ಭಜನಾ ಮಂಡಳಿಯವರ ಕಣ್ಣೆಲ್ಲ ಈಗ ನನ್ನ ಮೇಲಿದೆ."

ಗಜರಾಜನ ಹೃದಯ

ಅತ್ತಿಗುಪ್ಪೆಯಲ್ಲಿ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದಾನೆ. ಗದಗಿನ ಕಡೆಯವನು. ಹಳೇ ಗಾಡಿಗಳ ವೈರಿಂಗಿನಲ್ಲಿ ಅವನಷ್ಟು ಪಳಗಿದವರು ಈ ಕಡೆ ಇಲ್ಲ, ನನ್ನನ್ನು ಬಿಟ್ಟರೆ. ಬ್ಯಾಟರಿ ಒಳ್ಳೆಯದೋ ಕೆಟ್ಟದ್ದೋ ಅವನ ಹತ್ತಿರ ತೋರಿಸಿ ಚಾರ್ಜಿಗೆ ಹಾಕಿಸೋಣ ಅಂತ, ಬ್ಯಾಟರಿ ಬಿಚ್ಚಿ, ತರಕಾರಿ ಚೀಲಕ್ಕೆ ಹಾಕಿಕೊಂಡು ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿಗೆ ಹೋದೆ. ಎರಡೇ ಸ್ಟಾಪು.

ಚೀಲ ಮಿಷನ್ನೊಳಗೆ ಹೋಯಿತು. ಪರದೆ ನೋಡುತ್ತಿದ್ದ ಹೆಣ್ಣುಮಗಳ ಹುಬ್ಬು ಮೇಲೆ ಹೋಯಿತು. ಸೆಕ್ಯೂರಿಟಿಯವನು ಚೀಲ ಹಿಡಿದು ನಿಂತ.

"ಸಾರ್, ಇದರಲ್ಲಿ ಏನಿದೆ?"

ನಾನು ಸುಮ್ಮನೆ ಬ್ಯಾಟರಿ ಅನ್ನಬಹುದಿತ್ತು. ಆದರೆ ಹಾಗೆ ಮಾತಾಡಿ ನನಗೆ ಅಭ್ಯಾಸವಿಲ್ಲ. "ಗಜರಾಜನ ಹೃದಯ," ಅಂದೆ.

ನನ್ನ ಹಿಂದೆ ನಿಂತಿದ್ದವರು ಎರಡು ಹೆಜ್ಜೆ ಹಿಂದಕ್ಕೆ ಹೋದರು. ಒಬ್ಬರು ಮಗುವನ್ನು ಎತ್ತಿಕೊಂಡರು.

"ಯಾರ... ಹೃದಯ ಸಾರ್?"

"ಗಜರಾಜ. ನಮ್ಮನೇಲಿ ಇದಾನೆ. ಮೂರು ವಾರದಿಂದ ಹುಷಾರಿಲ್ಲ. ಇವತ್ತು ಬೆಳಿಗ್ಗೆ ನಾನೇ ಕೈಯಾರೆ ಬಿಚ್ಚಿ ತಂದೆ. ಅತ್ತಿಗುಪ್ಪೇಲಿ ಚಾರ್ಜಿಗೆ ಹಾಕಬೇಕು."

ಆಮೇಲೆ ಇನ್ನಿಬ್ಬರು ಸೆಕ್ಯೂರಿಟಿಯವರು ಬಂದರು. ಚೀಲದ ಮೇಲೆ ಇವಳ ಕೊತ್ತಂಬರಿ ಸೊಪ್ಪಿನ ಎಲೆಗಳು ಅಂಟಿಕೊಂಡಿದ್ದವು, ಅದನ್ನೆಲ್ಲ ಬಿಡಿಸಿ ಒಳಗೆ ನೋಡಿದರು. ಹಿರಿಯವನೊಬ್ಬ ನಕ್ಕುಬಿಟ್ಟ. "ಅಯ್ಯೋ ಸಾರ್, ಆಸಿಡ್ ಬ್ಯಾಟರಿ! ಇದನ್ನ ಟ್ರೈನಲ್ಲಿ ಬಿಡಲ್ಲ. ದಯವಿಟ್ಟು ಹೊರಗೆ."

ಚೀಲ ಹೆಗಲಿಗೆ ಏರಿಸಿ ಅತ್ತಿಗುಪ್ಪೆಗೆ ನಡೆದೆ. ಚಾರ್ಜು ಆಗುವವರೆಗೆ ಕೂತು, ಮತ್ತೆ ಹೆಗಲಿಗೆ ಏರಿಸಿ ಮನೆಗೆ ನಡೆದೆ. ಸೊಂಟ ಹಿಡಿದುಕೊಂಡು ಬಾಗಿಲಲ್ಲಿ ನಿಂತವನನ್ನು ನನ್ನವಳು ಮೇಲಿಂದ ಕೆಳಗೆ ನೋಡಿದಳು.

"ಲೋಕದಲ್ಲಿ ಬ್ಯಾಟರಿ ಗಾಡಿ ಎಳೆಯುತ್ತೆ, ಗಾಡಿ ಗಂಡನ್ನ ಎಳೆಯುತ್ತೆ. ನಮ್ಮನೇಲಿ ಗಂಡ ಬ್ಯಾಟರಿ ಎಳೀತಾನೆ, ಹೆಂಡ್ತಿ ಗಾಡಿ ತಳ್ತಾಳೆ."

ಯಾವಾಗಿಂದ?

ಆ ಗದಗಿನ ಎಲೆಕ್ಟ್ರಿಷಿಯನ್ ಮಾತು ಕಡಿಮೆ ಮನುಷ್ಯ. ನಾನು ಒಂದು ಪುಟ ಮಾತಾಡಿದರೆ ಅವನು ಒಂದು ಗೆರೆ ಮಾತಾಡುತ್ತಾನೆ. ಬ್ಯಾಟರಿ ಹೊತ್ತುಕೊಂಡು ಹೋದ ದಿನ ಅವನು ಅದಕ್ಕೆ ಮೀಟರ್ ಹಿಡಿದು ನೋಡಿ, "ಚಲೋ ಐತ್ರಿ. ಇದರದೇನೂ ತಪ್ಪಿಲ್ಲ" ಅಂದ. ಆಮೇಲೆ ಒಂದು ಪ್ರಶ್ನೆ ಕೇಳಿದ.

"ಯಾವಾಗಿಂದ ಹಿಂಗ ಆಗಾಕತ್ತೈತ್ರಿ?"

ಒಳ್ಳೆಯ ಪ್ರಶ್ನೆ. ಉತ್ತರ ಪೂರ್ತಿಯಾಗಿರಬೇಕಲ್ಲವೇ? ಹಾಗಾಗಿ ಗಾಡಿ ಕೊಂಡ ದಿನದಿಂದ ಶುರು ಮಾಡಿದೆ. ಮಾವನವರು ಮೊದಲ ಸಲ ಇದರ ಹಿಂದೆ ಕೂತು ಟೋಪಿ ಕಳೆದುಕೊಂಡದ್ದು, ಒಮ್ಮೆ ಮಾಗಡಿ ರಸ್ತೆಯಲ್ಲಿ ಕೆಟ್ಟು ನಿಂತಿದ್ದ ಲಾರಿಯನ್ನು ಇದಕ್ಕೆ ಹಗ್ಗ ಕಟ್ಟಿ ಎಳೆದದ್ದು (ಸಣ್ಣ ಲಾರಿ), ಹೀಗೆ ಬರುತ್ತಾ ಬರುತ್ತಾ ನನ್ನ ಮಗಳ ಮದುವೆಯ ಹತ್ತಿರ ಬಂದಿದ್ದೆ. ಅಷ್ಟರಲ್ಲಿ ಮೂರು ಆಟೋ ರಿಪೇರಿಯಾಗಿ ಹೋಗಿದ್ದವು. ಅವನು ಕೈಮುಗಿದು, "ಯಜಮಾನ್ರ, ಗಾಡಿ ತರ್ರಿ" ಅಂದ.

"ಗಾಡಿನಾ? ಗಜರಾಜನ ಮೇಲೆ ಇನ್ನೊಬ್ಬರು ಸ್ಪ್ಯಾನರ್ ಇಟ್ಟಿಲ್ಲ, ಇಡೋದೂ ಇಲ್ಲ. ನೀನು ಪಾರ್ಟ್ ಚೆಕ್ ಮಾಡಿ ಹೇಳು ಸಾಕು. ಮಿಕ್ಕಿದ್ದು ನನಗೆ ಬಿಡು."

ಅವನು ನಾಲ್ಕನೇ ಆಟೋ ಕಡೆ ಹೋದ.

ಎರಡನೇ ಸಲ ರೆಗ್ಯುಲೇಟರ್ ಬಿಚ್ಚಿಕೊಂಡು ಹೋದೆ. ಅಂಗೈಯಗಲದ ಅಲ್ಯೂಮಿನಿಯಂ ಡಬ್ಬಿ. ಎಂಜಿನ್ ಹುಟ್ಟಿಸುವ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ತುಂಬಿಸುವುದು ಅದರ ಕೆಲಸ. ಅವನು ಟೇಬಲ್ಲಿನ ಮೇಲಿಟ್ಟು, ಡಬ್ಬಿಯ ಮೈಗೊಂದು ವೈರ್ ಸಿಕ್ಕಿಸಿ ನೋಡಿದ. "ಇದೂ ಚಲೋ ಐತಿ. ಯಾವಾಗಿಂದ ಹಿಂಗ ಅಂದ್ರಿ?"

ಈ ಸಲ ನೇರ ವಿಷಯಕ್ಕೇ ಬಂದೆ. ಮಗಳ ಮದುವೆಯಿಂದ ಶುರು ಮಾಡಿದೆ.

"ಗಾಡಿ ತರ್ರಿ ಯಜಮಾನ್ರ."

ಮೂರನೇ ಸಲ ಸಂಶಯವೇ ಬೇಡ ಅಂತ ಹೊಸಾ ರೆಗ್ಯುಲೇಟರನ್ನೇ ತಂದು, ಹಳೆಯದರ ಜಾಗದಲ್ಲಿ, ಹಳೆಯದರ ಹಾಗೇ, ನಾನೇ ಕೂರಿಸಿದೆ. ಏನೂ ವ್ಯತ್ಯಾಸವಿಲ್ಲ! ಮತ್ತೆ ಹೋಗಿ ಅವನ ಮುಂದೆ ಡಬ್ಬಿ ಇಟ್ಟೆ. ಅವನ ಟೇಬಲ್ಲಿನ ಮೇಲೆ ಅದು ಅಚ್ಚುಕಟ್ಟಾಗಿ ಕೆಲಸ ಮಾಡಿತು. ನನ್ನ ಗಾಡಿಯಲ್ಲಿ ಮಾತ್ರ ಸತ್ಯಾಗ್ರಹ.

"ನೋಡಪ್ಪಾ," ಅಂದೆ, "ನಿನ್ನ ಅಂಗಡಿ ಬಾಗಿಲು ಪೂರ್ವಕ್ಕಿದೆ. ನಮ್ಮನೇದು ದಕ್ಷಿಣಕ್ಕಿದೆ. ಇದು ವಾಸ್ತು ಇರಬಹುದಾ?"

ಅವನು ಬೀಡಿ ಹಚ್ಚಿಕೊಂಡು ಯೋಚಿಸಿದ. "ಇರಬಹುದ್ರಿ. ಹಂಗಾರ ಮನಿ ಆದರೂ ತರ್ರಿ, ಗಾಡಿ ಆದರೂ ತರ್ರಿ. ಯಾವುದು ಹಗುರ ಐತಿ ನೋಡ್ರಿ."

ಮೋಟರು, ಸಂಪು, ಟ್ಯಾಂಕು

ಹಾಗಾದರೆ ನಾನೇ ಅಳೆದು ನೋಡುತ್ತೇನೆ ಅಂತ ಒಂದು ಮೀಟರ್ ತರಿಸಿದೆ. ವೈರಿನ ತುದಿಯಲ್ಲಿ ಎರಡು ಮುಳ್ಳು, ಕೆಂಪೊಂದು ಕಪ್ಪೊಂದು. ತಗುಲಿಸಿದರೆ ಎಷ್ಟು ವೋಲ್ಟ್ ಅಂತ ತೋರಿಸುತ್ತದೆ. ಕೈಗೆ ಬಂದ ಮೊದಲ ದಿನ ಮನೆಯ ಟಾರ್ಚು, ಗೋಡೆ ಗಡಿಯಾರ, ಟೀವಿ ರಿಮೋಟು ಎಲ್ಲಾ ಅಳೆದೆ. ಮೇಷ್ಟ್ರ ಕಿವಿಯ ಮಿಷನ್ನಿನ ಬ್ಯಾಟರಿ ಅಳೆದು, "ಸಾರ್, ಇದು ಪೂರ್ತಿ ಡೌನ್" ಅಂದೆ. "ಏನಂದ್ರಿ?" ಅಂದರು. ರೋಗ ಖಚಿತವಾಯಿತು.

ಎರಡನೇ ದಿನ ಗಜರಾಜನ ಸರದಿ. ಲೆಕ್ಕ ಸುಲಭ: ಗಾಡಿ ಆಫ್ ಇದ್ದಾಗ ಬ್ಯಾಟರಿ ಹನ್ನೆರಡೂವರೆ ತೋರಿಸಬೇಕು. ಎಂಜಿನ್ ಓಡುವಾಗ ಹದಿನಾಲ್ಕರ ಹತ್ತಿರ ಏರಬೇಕು. ಏರಿದರೆ ಚಾರ್ಜು ಆಗುತ್ತಿದೆ ಅಂತ ಅರ್ಥ. ನನ್ನವಳನ್ನು ಆಕ್ಸಿಲರೇಟರ್ ತಿರುಗಿಸಲು ನಿಲ್ಲಿಸಿ ನಾನು ಮೀಟರ್ ಹಿಡಿದು ಕೂತೆ.

"ಇನ್ನೂ ತಿರುಗಿಸು!"

ಬೀದಿಯ ಲೋಟಗಳೆಲ್ಲ ಕಿಣಿಕಿಣಿ ಅಂದವು.

"ಹದಿನಾಲ್ಕು ಬಂತಾ?" ಕೂಗಿದಳು.

"ಹನ್ನೆರಡು!"

"ಈಗ?"

"ಹನ್ನೆರಡಕ್ಕೆ ಕಮ್ಮಿ! ಮೀಟರೇ ಸರಿ ಇಲ್ಲ ಅನ್ಸುತ್ತೆ ಕಣೇ."

ಅವಳು ಗಾಡಿ ಆಫ್ ಮಾಡಿದಳು. "ಅಲ್ಲಾರೀ, ಇದು ಹೇಗೆ ಕೆಲಸ ಮಾಡುತ್ತೆ, ನನಗೆ ಅರ್ಥ ಆಗೋ ಹಾಗೆ ಹೇಳಿ."

"ನಮ್ಮನೆ ನೀರಿನ ಥರಾನೇ. ಎಂಜಿನ್ ಒಳಗೆ ಇರೋದು ಮೋಟರು. ಬ್ಯಾಟರಿ ಅಂದ್ರೆ ಮೇಲಿರೋ ಟ್ಯಾಂಕು. ಮೋಟರ್ ಸಂಪಿಂದ ನೀರೆತ್ತಿ ಟ್ಯಾಂಕ್ ತುಂಬಿಸ್ತಾ ಇರಬೇಕು, ನಾವು ನಲ್ಲಿ ತಿರುಗಿಸಿ ಬಳಸ್ತಾ ಇರಬೇಕು."

"ಮೋಟರ್ ಓಡ್ತಿದೆಯಾ?"

"ಓಡ್ತಿದೆ. ನೋಡಿದೀನಿ."

"ಟ್ಯಾಂಕು ತೂತಾ?"

"ಇಲ್ಲ. ಅತ್ತಿಗುಪ್ಪೆಯವನೇ ಚೆನ್ನಾಗಿದೆ ಅಂದ."

"ಹಾಗಾದ್ರೆ ಮಧ್ಯದ ಪೈಪಲ್ಲಿ ನೀವೇ ಏನೋ ಮಾಡಿದೀರ," ಅಂದು ಸೆರಗು ಕೊಡವಿಕೊಂಡು ಒಳಗೆ ಹೋದಳು.

ಮೂವತ್ತೆರಡು ವರ್ಷ ಲೇತ್ ನಡೆಸಿದವನಿಗೆ ಹೇಳುವ ಮಾತೇ ಇದು? ನಾನು ಕೇಳಿಸಿಕೊಳ್ಳಲೇ ಇಲ್ಲ. ಕೇಳಿಸಿಕೊಂಡಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು, ನಿಮಗೇ ನಷ್ಟ.

ಕೆಂಗೇರಿ ದಂಡಯಾತ್ರೆ

ಗೃಹಪ್ರವೇಶದ ಭಾನುವಾರ ಬಂದೇಬಿಟ್ಟಿತು. ರೋಗ ವಾಸಿಯಾಗಿಲ್ಲ, ಆದರೆ ನನ್ನ ತಲೆಯಲ್ಲಿ ಒಂದು ಉಪಾಯವಿತ್ತು. ಹಿಂದಿನ ದಿನವೇ ಬ್ಯಾಟರಿಯನ್ನು ಅತ್ತಿಗುಪ್ಪೆಯಲ್ಲಿ ಭರ್ತಿ ಚಾರ್ಜು ಮಾಡಿಸಿಟ್ಟಿದ್ದೆ. ಟ್ಯಾಂಕು ತುಂಬಿದೆ, ಕೆಳಗಿಂದ ಹೊಸ ನೀರು ಏರುವುದಿಲ್ಲ. ಆದರೇನು? ನಲ್ಲಿ ತಿರುಗಿಸದೇ ಇದ್ದರಾಯಿತು! ಹಾರ್ನ್ ಇಲ್ಲ, ಲೈಟ್ ಇಲ್ಲ, ಇಂಡಿಕೇಟರ್ ಇಲ್ಲ. ಬರೀ ಎಂಜಿನ್ ಓಡುವಷ್ಟು ಕರೆಂಟು ಹೋಗಿಬರಲು ಧಾರಾಳ ಸಾಕು.

ರೇಷ್ಮೆ ಸೀರೆಯುಟ್ಟು, ತಂಗಿಗೆ ಕೊಡುವ ಬೆಳ್ಳಿ ದೀಪದ ಚೀಲ ತೊಡೆಯ ಮೇಲಿಟ್ಟುಕೊಂಡು ನನ್ನವಳು ಹಿಂದೆ ಕೂತಳು. ಗೇಟಿನಲ್ಲಿ ಗುಜರಿಯವನು ನಿಂತಿದ್ದ. "ಸಂಜೆ ಬರ್ಲಾ ಅಮ್ಮಾ?" ಅಂದ.

"ಬಾಪ್ಪಾ," ಅಂದಳು ಮಹರಾಯ್ತಿ.

ಮೈಸೂರು ರಸ್ತೆಯಲ್ಲಿ ಹಾರ್ನ್ ಇಲ್ಲದೆ ಗಾಡಿ ಓಡಿಸುವುದು ಎಂದರೆ ಏನೆಂದು ಓಡಿಸಿದವರಿಗೇ ಗೊತ್ತು. ನಾನು ಬಾಯಲ್ಲೇ, "ಜರುಗಿ ಸ್ವಾಮೀ! ಅಣ್ಣಾ ಸೈಡು! ಅಮ್ಮಾ ಸೈಡು!" ಅನ್ನುತ್ತಾ ಹೋದೆ. ತಿರುವು ಬಂದರೆ ಕೈ ಚಾಚುತ್ತಿದ್ದೆ. ಹಿಂದೆ ಬರುತ್ತಿದ್ದ ಆಟೋದವನೊಬ್ಬ ನನ್ನ ಕೈ ನೋಡಿ ಪಕ್ಕಕ್ಕೆ ಬಂದು, "ಏನ್ ಸಾರ್, ಡ್ರಾಪ್ ಬೇಕಿತ್ತಾ?" ಅಂದ.

"ಯಾಕ್ರೀ ಹಾರ್ನ್ ಹೊಡೀತಿಲ್ಲ?" ಹಿಂದಿನಿಂದ ಪ್ರಶ್ನೆ.

"ಶಬ್ದ ಮಾಲಿನ್ಯ ಕಣೇ."

"ಮತ್ತೆ ಇಷ್ಟು ಹೊತ್ತು ನೀವು ಮಾಡ್ತಿರೋದು?"

ಹೇಗೋ ಕೆಂಗೇರಿ ಸೇರಿದೆವು. ಊಟ ಚೆನ್ನಾಗಿತ್ತು, ಎರಡು ಹೋಳಿಗೆ ಹೆಚ್ಚೇ ಹಾಕಿಸಿಕೊಂಡೆ. ಎಲೆ ಅಡಿಕೆ ಹಾಕಿಕೊಂಡು ಹೊರಗೆ ನಿಂತಾಗ ನನ್ನ ಷಡ್ಡಕ, ಅಂದರೆ ಅವಳ ತಂಗಿಯ ಗಂಡ, ಹೊಸ ಎಲೆಕ್ಟ್ರಿಕ್ ಸ್ಕೂಟರ್ ತೋರಿಸಿದ. "ಅಣ್ಣಾ, ಮಲಗೋವಾಗ ಮೊಬೈಲ್ ಥರ ಚುಚ್ಚಿಟ್ರೆ ಬೆಳಿಗ್ಗೆ ಫುಲ್ಲು. ನಿಮ್ಮ ಆನೇನ ಇನ್ನೂ ತಳ್ಳೋದೇನಾ? ಅತ್ತಿಗೆ ತೋಳು ಗಟ್ಟಿಯಾಗಿದೆ ಅಂತ ಸುದ್ದಿ."

ಇಪ್ಪತ್ತು ಜನ ನೆಂಟರು ನಕ್ಕರು. ನಗಲಿ. ಆದರೆ ಅವರ ಮಧ್ಯೆ ನನ್ನವಳೂ ನಕ್ಕಳು. ಅಲ್ಲಿ ನನಗೆ ತಡೆಯಲಾಗಲಿಲ್ಲ.

"ಲೋ, ನಿನ್ನದನ್ನ ಗೋಡೆಗೆ ಕಟ್ಟಿ ಹಾಕಬೇಕು. ನನ್ನ ಗಜರಾಜ ಓಡ್ತಾ ಓಡ್ತಾ ತನ್ನ ಚಾರ್ಜು ತಾನೇ ಮಾಡ್ಕೋತಾನೆ. ನೋಡ್ತೀಯಾ?" ಅಂದವನೇ ಕೀ ತಿರುಗಿಸಿ ಹೆಡ್‌ಲೈಟ್ ಹಾಕಿದೆ. ಮಟಮಟ ಮಧ್ಯಾಹ್ನದಲ್ಲೂ ಗೋಡೆ ಮೇಲೆ ಬೆಳಕು ಬಿತ್ತು. ಎರಡೂ ಇಂಡಿಕೇಟರ್ ಹಾಕಿ ತೋರಿಸಿದೆ. ಹಾರ್ನ್ ಒತ್ತಿದೆ. ಮಕ್ಕಳು, "ತಾತಾ, ಇನ್ನೊಂದ್ಸಲ!" ಅಂದವು. ಇನ್ನೊಂದು ಸಲ ಒತ್ತಿದೆ. ಆಮೇಲೆ ಮಕ್ಕಳೇ ಸಾಲಾಗಿ ನಿಂತು ಒತ್ತಿದವು. ಷಡ್ಡಕನ ಮುಖ ಸಣ್ಣಗಾಯಿತು. ಆಹಾ, ಏನು ವಿಜಯ! ಕಾಲು ಗಂಟೆ ನಡೆಯಿತು ಆ ವಿಜಯೋತ್ಸವ. ಟ್ಯಾಂಕಿನ ನಲ್ಲಿಯನ್ನೆಲ್ಲ ನಾನೇ ತೆರೆದಿಟ್ಟಿದ್ದೆ ಅನ್ನುವುದು ನೆನಪಾದದ್ದು ನಾಯಂಡಹಳ್ಳಿಯಲ್ಲಿ. ಸಿಗ್ನಲ್ ಹಸಿರಾಯಿತು, ಗಜರಾಜ ಕೆಮ್ಮಿದ, ಬಿಕ್ಕಿದ, ನಿಂತ.

ಅವಳು ಕೊಟ್ಟ ಉತ್ತರ

ಅಭ್ಯಾಸಬಲ ನೋಡಿ, ನನ್ನವಳು ಇಳಿದು, ಸೆರಗು ಸಿಕ್ಕಿಸಿ, ಕೈ ಚಾಚಿಬಿಟ್ಟಿದ್ದಳು.

"ಮುಟ್ಟಬೇಡ!" ನಾನು ಕಿರುಚಿದ ರಭಸಕ್ಕೆ ಟ್ರಾಫಿಕ್ ಪೊಲೀಸರು ತಿರುಗಿ ನೋಡಿದರು. "ನಿನ್ನ ಕೈ ತಾಗಿದ್ರೆ ತಾನೆ ಗುಜರಿಗೆ? ನಾನೊಬ್ಬನೇ ತಳ್ತೀನಿ. ನೀನು ದೂರ ನಿಲ್ಲು!"

"ಅಯ್ಯೋ, ಇಷ್ಟು ಭಾರ, ನಿಮ್ಮ ಸೊಂಟ..."

"ದೂರ!"

ನಾಯಂಡಹಳ್ಳಿಯಿಂದ ಅತ್ತಿಗುಪ್ಪೆ ಕಡೆಗೆ ರಸ್ತೆ ಏರು ಅನ್ನುವುದು ನನಗೆ ಅವತ್ತಿನವರೆಗೆ ಗೊತ್ತೇ ಇರಲಿಲ್ಲ. ಗಾಡಿ ಮೇಲೆ ಕೂತವರಿಗೆ ಬೆಂಗಳೂರು ಚಪ್ಪಟೆ. ನಾನು ತಳ್ಳುತ್ತಿದ್ದೇನೆ, ಪಕ್ಕದ ಫುಟ್‌ಪಾತಿನಲ್ಲಿ ರೇಷ್ಮೆ ಸೀರೆಯವಳು ತಾಂಬೂಲದ ಚೀಲ ಹಿಡಿದು, ಬಿಸಿಲಿಗೆ ಕೊಡೆ ಬಿಚ್ಚಿ, ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಾಳೆ. ಮೊದಲ ಅರ್ಧ ದಾರಿ ನಾನು ಮಾತಾಡುತ್ತಿದ್ದೆ. "ನೋಡ್ತಿದೀಯಾ, ಎಷ್ಟು ಹಗುರ!" ಅಂತೆಲ್ಲ. ಆಮೇಲೆ ಒಂದೊಂದೇ ಪದ. ಆಮೇಲೆ ಬರೀ ಉಸಿರು. ಎರಡು ಹೋಳಿಗೆ ಹೆಚ್ಚು ತಿಂದದ್ದು ತಪ್ಪಾಗಿತ್ತು.

ಅತ್ತಿಗುಪ್ಪೆಯ ಅಂಗಡಿ ಮುಂದೆ ಬಂದು ಸ್ಟ್ಯಾಂಡ್ ಹಾಕಿದವನು ಅಲ್ಲೇ ಬಿದ್ದಿದ್ದ ಹಳೇ ಟೈರುಗಳ ಮೇಲೆ ಕುಸಿದೆ. ಬಾಗಿಲು ಅರ್ಧ ಎಳೆದು ಮನೆಗೆ ಹೊರಟಿದ್ದ ಎಲೆಕ್ಟ್ರಿಷಿಯನ್, ಗಾಡಿ ನೋಡಿ, ಶಬರಿಗೆ ರಾಮ ಸಿಕ್ಕ ಹಾಗೆ ನಿಂತ.

"ಅಂತೂ ತಂದ್ರಿ! ಈಗರ ಹೇಳ್ರಿ ಯಜಮಾನ್ರ. ಯಾವಾಗಿಂದ ಹಿಂಗ?"

ನಾನು ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ. ಅರವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಹತ್ತಿರ ಕೇಳಿದ ಪ್ರಶ್ನೆಗೆ ನನ್ನಿಂದ ಉತ್ತರ ಹೊರಡಲಿಲ್ಲ.

ನನ್ನವಳು ಕೊಡೆ ಮಡಚುತ್ತಾ ಅಂದಳು, "ಆಯುಧಪೂಜೆಗೆ ಇವರು ಒಳಗೂ ಹೊರಗೂ ಪೇಂಟ್ ಬಳಿದ್ರಲ್ಲ, ಅವತ್ತಿಂದ."

ಒಂದೇ ವಾಕ್ಯ.

ಎಲೆಕ್ಟ್ರಿಷಿಯನ್ ಅವಳನ್ನು ನೋಡಿದ. ನನ್ನನ್ನು ನೋಡಿದ. ಪೆಟ್ಟಿಗೆ ಬಿಚ್ಚಿ, ರೆಗ್ಯುಲೇಟರ್ ಕೂರಿಸಿದ ಜಾಗಕ್ಕೆ ಟಾರ್ಚ್ ಬಿಟ್ಟ. ಅಲ್ಲಿ ನನ್ನ ಎರಡು ಕೋಟು ಕಪ್ಪು ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಅಕ್ಕಾರ, ಈ ಡಬ್ಬಿಗೆ ಕರೆಂಟ್ ವಾಪಸ್ ಹೋಗೂ ದಾರಿ ಅದರ ಮೈಯಿಂದನ ಐತಿ. ಬರೇ ಕಬ್ಬಿಣಕ್ಕ ಅದರ ಮೈ ತಾಗಬೇಕು. ಇವ್ರು ನಡುವ ಬಣ್ಣದ ಗ್ವಾಡಿ ಕಟ್ಟ್ಯಾರ."

"ಮಧ್ಯದ ಪೈಪಲ್ಲಿ ನೀವೇ ಏನೋ ಮಾಡಿದೀರ ಅಂತ ನಾನು ಅಂದಿದ್ದೆ," ಅಂದಳು ಅವಳು, ರಸ್ತೆಯಲ್ಲಿ ಹೋಗುತ್ತಿದ್ದ ಅಷ್ಟೂ ಜನಕ್ಕೆ ಕೇಳುವ ಹಾಗೆ.

ಅವನು ಉಪ್ಪು ಕಾಗದ ತೆಗೆದುಕೊಂಡು ನಾಲ್ಕು ಸಲ ತಿಕ್ಕಿ ಬೋಲ್ಟ್ ಬಿಗಿ ಮಾಡಿದ. ಬೇರೆ ಬ್ಯಾಟರಿ ಆಸರೆ ಕೊಟ್ಟು ಗಾಡಿ ಸ್ಟಾರ್ಟ್ ಮಾಡಿ, ಆಸರೆ ತೆಗೆದು, ಮೀಟರ್ ಹಿಡಿದ. ಹನ್ನೆರಡು. ಹದಿಮೂರು. ಹದಿನಾಲ್ಕು! ಆರು ವಾರ, ಒಂದು ಹೊಸ ರೆಗ್ಯುಲೇಟರು, ಒಂದು ಮೀಟರು, ಒಂದು ಸೊಂಟ. ಅವನಿಗೆ ಹಿಡಿದದ್ದು ಒಂದು ಬೀಡಿ ಸುಡುವಷ್ಟು ಹೊತ್ತು.

ಮನೆ ತನಕ ದಾರಿಯುದ್ದಕ್ಕೂ ಹಾರ್ನ್ ಹೊಡೆದುಕೊಂಡೇ ಬಂದೆ. ಗೇಟಿನ ಮುಂದೆ ಗುಜರಿಯವನು ಹಗ್ಗ ಸಮೇತ ಕಾದಿದ್ದ. ನಾನು ಎದೆಯುಬ್ಬಿಸಿ ಘೋಷಿಸಿದೆ: "ಅವಳ ಕೈ ತಾಗಿಲ್ಲ! ಬೇಕಾದ್ರೆ ಕೇಳು. ಗಜರಾಜ ಎಲ್ಲೂ ಹೋಗಲ್ಲ."

"ಹೌದಪ್ಪಾ, ನಾನು ಮುಟ್ಟಿಲ್ಲ. ಆಡಿದ ಮಾತಿಗೆ ತಪ್ಪಲ್ಲ," ಅಂದಳು ನನ್ನವಳು. ಗುಜರಿಯವನ ಮುಖ ಬಾಡಿತು. "ಆದ್ರೂ ಅಷ್ಟು ದಿನ ಕಾದಿದೀಯ, ಬರಿಗೈಲಿ ಕಳಿಸಲ್ಲ ಇರು," ಅಂತ ಒಳಗೆ ಹೋಗಿ ನನ್ನ ಪೇಂಟಿನ ಡಬ್ಬ, ಮೂರು ಬ್ರಷ್ಷು, ಟರ್ಪೆಂಟೈನ್ ಸೀಸೆ ತಂದು ಅವನ ತಕ್ಕಡಿಯಲ್ಲಿಟ್ಟಳು.

ಅವನು ಡಬ್ಬ ಅಲ್ಲಾಡಿಸಿ ನೋಡಿದ. "ಇಷ್ಟೇನಾ ಅಮ್ಮಾ? ಬೇರೆ ಹಳೇದೇನೂ ಇಲ್ವಾ?"

ಅವಳು ನಿಧಾನವಾಗಿ ತಿರುಗಿ, ಗೇಟಿಗೆ ಒರಗಿ ಸೊಂಟ ಹಿಡಿದು ನಿಂತಿದ್ದ ನನ್ನನ್ನು ತೋರಿಸಿದಳು. "ಇದೊಂದಿದೆ. ತಗೋತೀಯಾ?"

ಗುಜರಿಯವನು ಹತ್ತಿರ ಬಂದು, ನನ್ನನ್ನು ಅಡಿಯಿಂದ ಮುಡಿವರೆಗೆ, ಕಸುಬು ಬಲ್ಲವನ ಕಣ್ಣಿನಿಂದ, ಎರಡು ಸಲ ನೋಡಿದ. ಆಮೇಲೆ ತಲೆಯಾಡಿಸಿ ತಳ್ಳುಗಾಡಿ ತಿರುಗಿಸಿದ.

"ಬೇಡಮ್ಮಾ. ಈ ಮಾಡೆಲ್ ನನಗೆ ಗೊತ್ತು. ಒಳಗೆ ಪಾರ್ಟ್ಸ್ ಎಲ್ಲಾ ಸವೆದಿರುತ್ತೆ, ಸೌಂಡ್ ಮಾತ್ರ ಹೊಸದರ ಥರಾನೇ ಇರುತ್ತೆ."